ಕಾರಿನ ಸ್ಮಾರ್ಟ್ ಕೀಗೆ ಪ್ಯಾನಸಾನಿಕ್ ಸಿಆರ್2032 ಸೆಲ್: ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಮನೆಯ ಮಾರುತಿ ಬಲೆನೊ ಕಾರಿನ ಸ್ಮಾರ್ಟ್ ಕೀಗೆ ಕಳೆದ ಬೇಸಿಗೆಯ ಕೊನೆಯಲ್ಲಿ ಪ್ಯಾನಸಾನಿಕ್ ಕಂಪನಿಯ ಸಿಆರ್2032 ಸೆಲ್ ಹಾಕಿದೆ. ಅಲ್ಲಿಂದೀಚೆಗೆ ಶಿವಮೊಗ್ಗದ ಒಂದು ಪೂರ್ತಿ ಮಳೆಗಾಲವನ್ನೂ ಅದರ ಬೆನ್ನಿಗೇ ಬಂದ ಚಳಿಗಾಲವನ್ನೂ ದಾಟಿರುವ ಆ ಕೀ, ಹೊಸ ಸೆಲ್ ಹಾಕಿದ ದಿನ ಎಷ್ಟು ದೂರದಿಂದ ಬಾಗಿಲು ತೆರೆಯುತ್ತಿತ್ತೋ ಈಗಲೂ ಅಷ್ಟೇ ದೂರದಿಂದ ತೆರೆಯುತ್ತಿದೆ. ಗುಂಡಿಯನ್ನು ಎರಡೆರಡು ಸಲ ಒತ್ತಬೇಕಾದ ಸಂದರ್ಭ ಬಂದಿಲ್ಲ. ಅರವತ್ತು ರೂಪಾಯಿ ಆಸುಪಾಸಿನ ವಸ್ತುವಿನ ಬಗ್ಗೆ ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಲಕ್ಷಾಂತರ ರೂಪಾಯಿ ಕೊಟ್ಟು ತಂದ ಕಾರು ನಾವು ಕರೆದಾಗ ಓಗೊಡುತ್ತದೆಯೇ ಇಲ್ಲವೇ ಎಂಬುದು ಈ ಸೆಲ್ಲಿನ ಕೈಯಲ್ಲಿದೆ. ಅದನ್ನು ಕೊಳ್ಳುವಾಗ ಜನ ಮೋಸಹೋಗುವುದನ್ನೂ, ಬದಲಿಸುವ ಮಾತು ಬಂದಾಗ ಸುಮ್ಮನೆ ಹೆದರುವುದನ್ನೂ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸೆಲ್ ಅಸಲಿಯಾಗಿದ್ದು ತಾಜಾ ಆಗಿದ್ದರೆ ಉಳಿದ ಕೆಲಸವನ್ನು ಯಾರು ಬೇಕಾದರೂ ಮನೆಯ ಮೇಜಿನ ಮೇಲೆಯೇ ಮುಗಿಸಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸೆಲ್ಲಿನ ಹೆಸರನ್ನೇ ನೋಡೋಣ, ಏಕೆಂದರೆ ಅಂಗಡಿಯಲ್ಲಿ ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಯೇ ಶುರುವಾಗುತ್ತವೆ. ಸಿಆರ್ ಎಂಬ ಎರಡು ಅಕ್ಷರಗಳಲ್ಲಿ ಮೊದಲನೆಯದು ಒಳಗಿನ ರಸಾಯನವನ್ನು, ಅಂದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಜೋಡಿಯನ್ನು ಸೂಚಿಸಿದರೆ, ಎರಡನೆಯದು ಸೆಲ್ ದುಂಡಗಿದೆ ಎಂಬುದನ್ನು ಹೇಳುತ್ತದೆ. ಅದರ ಮುಂದಿನ 20 ಎಂದರೆ 20 ಮಿಲಿಮೀಟರ್ ವ್ಯಾಸ, ಕೊನೆಯ 32 ಎಂದರೆ 3.2 ಮಿಲಿಮೀಟರ್ ದಪ್ಪ. ಸಿಆರ್2025 ಮತ್ತು ಸಿಆರ್2016 ಕೂಡ ಇದೇ ವ್ಯಾಸದವು, ಇದೇ 3 ವೋಲ್ಟಿನವು; ಆದರೆ ದಪ್ಪ ಕ್ರಮವಾಗಿ 2.5 ಮತ್ತು 1.6 ಮಿಲಿಮೀಟರ್ ಮಾತ್ರ. ಹೀಗಾಗಿ 2032 ಇರಬೇಕಾದ ಜಾಗದಲ್ಲಿ 2025 ಕೂರುವಂತೆ ಕಾಣುತ್ತದೆ, ಒಮ್ಮೊಮ್ಮೆ ಕೆಲಸವನ್ನೂ ಮಾಡುತ್ತದೆ, ಆದರೆ ಮೇಲಿನ ತಗಡಿನ ಪಟ್ಟಿಗೆ ಸಿಗಬೇಕಾದ ಒತ್ತಡ ಸಿಗದೆ, ಕೀ ಕೈತಪ್ಪಿ ಬಿದ್ದಾಗಲೋ ಜೇಬಿನಲ್ಲಿ ಅಲುಗಿದಾಗಲೋ ಸಂಪರ್ಕ ತಪ್ಪುತ್ತದೆ. ಒಳಗಿನ ಶಕ್ತಿಯೂ ಕಡಿಮೆ. ಪ್ಯಾನಸಾನಿಕ್ ತನ್ನ ಸಿಆರ್2032ಕ್ಕೆ 225 ಮಿಲಿ ಆಂಪಿಯರ್ ಅವರ್ ಎಂದು ಹೇಳಿದರೆ 2025ಕ್ಕೆ 165, 2016ಕ್ಕೆ 90 ಎಂದು ಹೇಳುತ್ತದೆ. “ಎರಡೂ ಒಂದೇ, ಹಾಕಿಕೊಳ್ಳಿ” ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಎಲ್ಲ ಕಾರುಗಳ ಕೀಗೂ 2032ವೇ ಬೇಕು ಎಂದೇನೂ ಅಲ್ಲ. ಚಿಕ್ಕ ರಿಮೋಟ್ ಕೀಗಳಲ್ಲಿ 16 ಮಿಲಿಮೀಟರ್ ವ್ಯಾಸದ ಸೆಲ್ಲುಗಳೂ ಇರುತ್ತವೆ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಸಂಖ್ಯೆ ಇರುತ್ತದೆ, ಹಳೆಯ ಸೆಲ್ಲಿನ ಬೆನ್ನ ಮೇಲೂ ಅದು ಕೆತ್ತಿರುತ್ತದೆ. ಅದನ್ನು ನೋಡಿಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಸೆಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಕೀಯಲ್ಲಿ ಇಷ್ಟು ಬೇಗ ಗೊತ್ತಾಗುವುದೇಕೆ ಎಂದು ತಿಳಿಯಲು ಸ್ಮಾರ್ಟ್ ಕೀ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಾಗಿಲ ಹಿಡಿಕೆಯ ಮೇಲಿನ ಗುಂಡಿಯನ್ನು ಒತ್ತಿದಾಗ ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ತರಂಗದಲ್ಲಿ ಕೀಯನ್ನು ಕರೆಯುತ್ತದೆ. ಆ ಕರೆಗೆ ಸದಾ ಕಿವಿಗೊಟ್ಟಿರುವ ಕೀ ಎಚ್ಚೆತ್ತು, ನಮ್ಮ ದೇಶದ ಕಾರುಗಳಲ್ಲಿ ಹೆಚ್ಚಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಪ್ರತಿ ಸಲವೂ ಬದಲಾಗುವ ಗುಪ್ತ ಸಂಕೇತವನ್ನು ಹಿಂದಕ್ಕೆ ಕಳಿಸುತ್ತದೆ. ಕಿವಿಗೊಟ್ಟು ಕೂರುವುದಕ್ಕೆ ಬೇಕಾದ ವಿದ್ಯುತ್ ಅತ್ಯಲ್ಪ. ಆದರೆ ಉತ್ತರ ಕಳಿಸುವ ಆ ಒಂದು ಕ್ಷಣದಲ್ಲಿ ಅದರ ಸಾವಿರಾರು ಪಟ್ಟು ವಿದ್ಯುತ್ ಒಮ್ಮೆಲೇ ಬೇಕಾಗುತ್ತದೆ. ಸೆಲ್ ಹಳತಾದಂತೆ ಅದರ ಒಳಗಿನ ರೋಧ ಏರುತ್ತ ಹೋಗುವುದರಿಂದ ಆ ಕ್ಷಣದಲ್ಲಿ ವೋಲ್ಟೇಜು ಕುಸಿಯುತ್ತದೆ. ಕೀಯ ಮೇಲಿನ ಸಣ್ಣ ಕೆಂಪು ದೀಪ ಮಿನುಗಿದರೂ ಬಾಗಿಲು ತೆರೆಯದೆ ಇರುವುದು ಇದರಿಂದಲೇ. ಮೊದಲು ಅಂಗಳದ ಆಚೆಯಿಂದ ಕೆಲಸ ಮಾಡುತ್ತಿದ್ದ ಕೀ ಕಾರಿನ ಪಕ್ಕಕ್ಕೇ ಹೋಗುವಂತೆ ಮಾಡತೊಡಗಿದರೆ, ಅಥವಾ ಡ್ಯಾಶ್‌ಬೋರ್ಡಿನಲ್ಲಿ ಕೀ ಕಾಣುತ್ತಿಲ್ಲ ಎಂಬ ಸೂಚನೆ ಆಗಾಗ ಬರತೊಡಗಿದರೆ, ಸೆಲ್ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು.

ಮಲ್ಟಿಮೀಟರ್ ಇರುವವರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬಗೆಯ ಸೆಲ್ ತನ್ನ ಆಯುಸ್ಸಿನ ಬಹುಪಾಲು 3 ವೋಲ್ಟಿನ ಹತ್ತಿರವೇ ನಿಂತಿದ್ದು ಕೊನೆಯಲ್ಲಿ ಮಾತ್ರ ಬೇಗ ಇಳಿಯುತ್ತದೆ. ಕೀಯಿಂದ ಹೊರತೆಗೆದ ಸೋತ ಸೆಲ್ ಕೂಡ ಮೀಟರಿನಲ್ಲಿ 2.9 ತೋರಿಸಬಹುದು. ಹೊಸ ಸೆಲ್ 3.2ಕ್ಕಿಂತ ಮೇಲೆ ತೋರಿಸುತ್ತದೆ. ಆದ್ದರಿಂದ 2.9 ಎಂಬ ಅಂಕಿಯನ್ನು ನೋಡಿ “ಇನ್ನೂ ಚೆನ್ನಾಗಿದೆಯಲ್ಲ” ಎಂದು ಅದನ್ನೇ ತಿರುಗಿ ಹಾಕಬಾರದು.

ಈಗ ಕೊಳ್ಳುವ ವಿಚಾರ. ಇದರಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ನಮ್ಮ ಊರುಗಳಲ್ಲಿ ಕೀಯ ಸೆಲ್ ಬೇಗ ಖಾಲಿಯಾಗುತ್ತದೆ ಎಂಬ ದೂರಿನ ಮೂಲ ಬಹುಪಾಲು ಇಲ್ಲಿಯೇ ಇದೆ. ಇದಕ್ಕೂ ಮೊದಲು ಇದೇ ಕೀಗೆ ಹಾಕಿದ್ದ ಸೆಲ್ಲನ್ನು ಒಂದು ಮೊಬೈಲ್ ಅಂಗಡಿಯಲ್ಲಿ ಬಿಡಿಯಾಗಿ ಕೊಂಡಿದ್ದೆವು. ಅದು ಕೆಲವೇ ತಿಂಗಳಲ್ಲಿ ಸೋತಿತು. ಗಾಂಧಿ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಆ ಮಾತು ಬಂದಾಗ ಅವರು ಕಣ್ಣಿನ ಮಸೂರವನ್ನು ಹಣೆಗೇರಿಸಿಕೊಂಡು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: “ಸಾರ್, ಸೆಲ್ಲನ್ನ ಡಬ್ಬಿಲಿ ರಾಶಿ ಹಾಕಿಟ್ಟರೆ ಒಂದಕ್ಕೊಂದು ತಾಗಿ ಅಂಗಡಿಲೇ ಅರ್ಧ ಖಾಲಿ ಆಗಿರುತ್ತೆ. ನೀವು ಎಷ್ಟೇ ಒಳ್ಳೆ ಕಂಪನಿದು ಅಂತ ಕೇಳಿ ತಗೊಂಡ್ರೂ ಅಷ್ಟೇ.” ಮಾತಾಡುತ್ತಲೇ ಅವರು ಪ್ಲಾಸ್ಟಿಕ್ ಚಿಮುಟದಿಂದ ಒಂದು ಗಡಿಯಾರದ ಸೆಲ್ಲನ್ನು ಎತ್ತಿ, ಬೆರಳು ತಾಕಿಸದೆ, ಅಂಚನ್ನು ಮಾತ್ರ ಹಿಡಿದು ಕೂರಿಸಿದರು. ಲೋಹದ ಚಿಮುಟ ಏಕೆ ಬಳಸುವುದಿಲ್ಲ ಎಂದು ಕೇಳಿದ್ದಕ್ಕೆ, ಅದು ಸೆಲ್ಲಿನ ಮೇಲ್ಮುಖಕ್ಕೂ ಅಂಚಿಗೂ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ ಎಂದರು. ಅವರ ಮಾತಿನಲ್ಲಿ ನೂರಕ್ಕೆ ನೂರು ಸತ್ಯವಿದೆ. ಈ ಸೆಲ್ಲಿನಲ್ಲಿ ಒಂದು ಮುಖ ಋಣ, ಇನ್ನೊಂದು ಮುಖವೂ ಸುತ್ತಲಿನ ಅಂಚೂ ಧನ. ಆದ್ದರಿಂದ ಡಬ್ಬಿಯಲ್ಲಿ ಒಂದರ ಅಂಚು ಮತ್ತೊಂದರ ಮುಖಕ್ಕೆ ತಾಗಿದರೂ ಶಕ್ತಿ ಸೋರಲು ದಾರಿಯಾಗುತ್ತದೆ.

ಪ್ಯಾಕಿನಲ್ಲಿರುವ ಸೆಲ್ಲನ್ನೇ ಕೊಳ್ಳಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲಿ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ, ಹೊರದೇಶದಿಂದ ಬಂದು ಇಲ್ಲಿ ಪ್ಯಾಕಿನಲ್ಲಿ ಮಾರಾಟವಾಗುವ ವಸ್ತುವಿನ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ ಇರಲೇಬೇಕು. ನಕಲಿ ಮಾಡುವವರು ಮುಂಭಾಗದ ಬಣ್ಣ, ಅಕ್ಷರ, ಚಿಹ್ನೆ ಎಲ್ಲವನ್ನೂ ಹಾಗೆಯೇ ಅಚ್ಚು ಹಾಕುತ್ತಾರೆ, ಆದರೆ ಹಿಂಭಾಗದ ಈ ವಿವರಗಳನ್ನು ಅಷ್ಟು ಶ್ರದ್ಧೆಯಿಂದ ತುಂಬುವುದಿಲ್ಲ. ಪ್ಯಾಕನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ ಅಂಗಡಿಯಲ್ಲಿ ನಿಂತಲ್ಲಿಯೇ ಒಂದು ತೀರ್ಮಾನಕ್ಕೆ ಬರಬಹುದು. ಆನ್‌ಲೈನಿನಲ್ಲಿ ತರಿಸುವುದಾದರೆ ಮಾರುವವರು ಯಾರು ಎಂಬುದನ್ನು ನೋಡಿ, ಬಂದ ಮೇಲೆ ಪ್ಯಾಕಿನ ಮೇಲಿನ ಬಾಳಿಕೆಯ ಅವಧಿಯನ್ನು ಓದಿ, ಹಳತಾಗಿದ್ದರೆ ಹಿಂದಿರುಗಿಸುವುದು ಸರಿಯಾದ ಮಾರ್ಗ. ನಾನು ಕೊಂಡದ್ದು ಆ ಗಡಿಯಾರದ ಅಂಗಡಿಯಲ್ಲಿಯೇ. ಅವರು ಐದು ಸೆಲ್ಲುಗಳ ಪಟ್ಟಿಯಿಂದ ಒಂದು ಕೋಶವನ್ನು ಸೀಲು ಒಡೆಯದೆ ಕತ್ತರಿಸಿ ಕೊಡುವುದಕ್ಕೂ ಸಿದ್ಧರಿದ್ದರು. ಹಾಗೆ ಕತ್ತರಿಸಿದರೆ ಬೆನ್ನಿನ ವಿವರ ಪೂರ್ತಿ ಉಳಿಯುವುದಿಲ್ಲವೆಂದು ಪಟ್ಟಿಯನ್ನೇ ತೆಗೆದುಕೊಂಡೆ.

ಇನ್ನು ಈ ಸೆಲ್ಲಿನ ಗುಣಕ್ಕೆ ಬರುತ್ತೇನೆ. ನನಗೆ ಸಿಕ್ಕ ಪಟ್ಟಿ ಇಂಡೋನೇಷ್ಯಾದಲ್ಲಿ ತಯಾರಾದದ್ದು. ಪ್ರತಿಯೊಂದು ಸೆಲ್ಲೂ ತನ್ನದೇ ಕೋಶದಲ್ಲಿ, ಪಕ್ಕದ್ದಕ್ಕೆ ತಾಗದಂತೆ ಕೂತಿರುತ್ತದೆ. ಧನ ಮುಖದ ಮೇಲೆ ಕಂಪನಿಯ ಹೆಸರು, ಸಂಖ್ಯೆ, 3 ವೋಲ್ಟ್ ಎಂಬ ಗುರುತು ಮತ್ತು ಅಧಿಕ ಚಿಹ್ನೆ ಇವೆಲ್ಲ ಉಗುರಿಗೆ ತಾಗುವಷ್ಟು ಸ್ಪಷ್ಟವಾಗಿ ಕೆತ್ತಲ್ಪಟ್ಟಿವೆ. ಬಿಡಿಯಾಗಿ ಕೊಂಡಿದ್ದ ಹಿಂದಿನ ಸೆಲ್ಲಿನ ಅಕ್ಷರಗಳನ್ನು ಇದರ ಪಕ್ಕ ಇಟ್ಟು ನೋಡಿದರೆ ಅವು ಮೇಲೆ ಮೇಲೆ ಒರೆಸಿದಂತೆ ಮಬ್ಬಾಗಿದ್ದವು, ಅಂಚಿನ ಮಡಿಕೆಯೂ ಒಂದೇ ಸಮನಾಗಿರಲಿಲ್ಲ. ಕೋಶದಿಂದ ತೆಗೆದ ಕೂಡಲೇ ಮೀಟರಿಟ್ಟಾಗ 3.2ಕ್ಕಿಂತ ಮೇಲೆಯೇ ತೋರಿಸಿತು. ಕಂಪನಿಯ ತಾಂತ್ರಿಕ ವಿವರಗಳ ಪ್ರಕಾರ ಇದು ಶೂನ್ಯಕ್ಕಿಂತ ಕೆಳಗಿನ 30 ಡಿಗ್ರಿಯಿಂದ ಹಿಡಿದು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತದೆ. ಸುಮ್ಮನಿಟ್ಟಾಗ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಮಾತ್ರ ಶಕ್ತಿ ಕಳೆದುಕೊಳ್ಳುತ್ತದೆ. ಪಟ್ಟಿಯಲ್ಲಿ ಉಳಿದ ಸೆಲ್ಲುಗಳು ಮುಂದಿನ ಸಲಕ್ಕೆ ಉಪಯೋಗಕ್ಕೆ ಬರುತ್ತವೆ ಎಂಬ ಧೈರ್ಯ ನನಗೆ ಬಂದದ್ದು ಈ ಕೊನೆಯ ಗುಣದಿಂದ. ತಣ್ಣಗಿನ, ಒಣಗಿದ ಜಾಗದಲ್ಲಿ ಪ್ಯಾಕ್ ಒಡೆಯದೆ ಇಟ್ಟರೆ ಸಾಕು. ಫ್ರಿಜ್ಜಿನಲ್ಲಿ ಇಡುವುದು ಬೇಡ. ಮಲೆನಾಡಿನ ಆರ್ದ್ರತೆಯಲ್ಲಿ ಅದನ್ನು ಹೊರತೆಗೆದ ಕೂಡಲೇ ಸೆಲ್ಲಿನ ಮೇಲೆ ನೀರು ಕಟ್ಟುತ್ತದೆ.

ಬೇರೆ ಕಂಪನಿಗಳ ಸೆಲ್ಲುಗಳು ಆಗುವುದಿಲ್ಲವೇ ಎಂದರೆ, ಖಂಡಿತ ಆಗುತ್ತವೆ. ಮ್ಯಾಕ್ಸೆಲ್, ಎನರ್ಜೈಸರ್, ಸೋನಿಯ ಬ್ಯಾಟರಿ ವ್ಯವಹಾರವನ್ನು 2017ರಲ್ಲಿ ವಹಿಸಿಕೊಂಡ ಮುರಾಟಾ, ಇವೆಲ್ಲದರ 2032 ಸೆಲ್ಲುಗಳೂ ಇದೇ ಅಳತೆಯವು, ಹೆಚ್ಚುಕಡಿಮೆ ಇದೇ ಶಕ್ತಿಯವು. ಡ್ಯೂರಾಸೆಲ್ ತನ್ನ ಲಿಥಿಯಂ ನಾಣ್ಯ ಸೆಲ್ಲುಗಳಿಗೆ ಮಕ್ಕಳು ಬಾಯಿಗೆ ಹಾಕಿಕೊಂಡರೆ ಕೂಡಲೇ ಉಗುಳಲಿ ಎಂದು ಕಹಿ ಲೇಪನ ಹಚ್ಚುತ್ತದೆ. ಆ ಉದ್ದೇಶವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಲೇಪನವಿರುವ ಜಾಗಕ್ಕೇ ಸಾಧನದ ಸಂಪರ್ಕ ಬಿಂದು ಬಂದರೆ ವಿದ್ಯುತ್ ಸರಿಯಾಗಿ ಹರಿಯದಿರಬಹುದು. ಕಹಿ ಲೇಪನವಿರುವ 2032 ಸೆಲ್ಲುಗಳು ತನ್ನ ಏರ್‌ಟ್ಯಾಗಿನಲ್ಲಿ ಕೆಲಸ ಮಾಡದೆ ಇರಬಹುದು ಎಂದು ಆ್ಯಪಲ್ ಕಂಪನಿಯೇ ಗ್ರಾಹಕರಿಗೆ ತಿಳಿಸಿದೆ. ಅಂಥ ಸೆಲ್ ಹಾಕಿದ ಮೇಲೆ ಕೀ ಸ್ಪಂದಿಸದಿದ್ದರೆ ಅದು ಹಾಳಾಗಿದೆ ಎಂದುಕೊಳ್ಳುವ ಮೊದಲು, ಸೆಲ್ಲನ್ನು ತೆಗೆದು, ಮುಖ ಮಗುಚದೆ, ಸ್ವಲ್ಪ ತಿರುಗಿಸಿ ಹಾಕಿ ನೋಡಬೇಕು. ಎಲ್‌ಐಆರ್2032 ಎಂಬ ಹೆಸರಿನ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಅದರ ವೋಲ್ಟೇಜು 3.6, ಪೂರ್ತಿ ಚಾರ್ಜ್ ಆದಾಗ ಇನ್ನೂ ಹೆಚ್ಚು. 3 ವೋಲ್ಟಿಗೆಂದು ಮಾಡಿದ ಕೀಯ ಬೋರ್ಡಿಗೆ ಅದು ಅಪಾಯಕಾರಿ. ಹಾಗೆಯೇ ನಾವು ಬಳಸುವ ಸಿಆರ್ ಸೆಲ್ಲನ್ನು ಚಾರ್ಜ್ ಮಾಡುವ ಪ್ರಯತ್ನವನ್ನೂ ಮಾಡಬಾರದು.

ಸೆಲ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಶುಚಿಯಾಗಿ ಮಾಡಬೇಕಾದದ್ದು. ಕೈ ತೊಳೆದು, ಪೂರ್ತಿ ಒರೆಸಿಕೊಂಡು, ಬೆಳಕಿರುವ ಕಡೆ ಮೇಜಿನ ಮೇಲೆ ಒಂದು ತಿಳಿ ಬಣ್ಣದ ಬಟ್ಟೆ ಹಾಸಿಕೊಳ್ಳಬೇಕು. ಒಳಗಿನಿಂದ ಏನಾದರೂ ಜಾರಿ ಬಿದ್ದರೆ ಅದರ ಮೇಲೆ ಕಾಣಿಸುತ್ತದೆ. ಕೀಯ ಬದಿಯಲ್ಲಿರುವ ಸಣ್ಣ ಬೀಗವನ್ನು ಸರಿಸಿದಾಗ ಒಳಗಡೆ ಅಡಗಿಸಿಟ್ಟಿರುವ ಲೋಹದ ಕೀ ಹೊರಬರುತ್ತದೆ. ಅದು ಇದ್ದ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಹೋಳುಗಳು ಸೇರುವ ಕಡೆ ಒಂದು ಸಣ್ಣ ಸೀಳು ಕಾಣುತ್ತದೆ. ಚಪ್ಪಟೆ ಬಾಯಿಯ ಸ್ಕ್ರೂಡ್ರೈವರಿನ ತುದಿಗೆ ತೆಳು ಬಟ್ಟೆ ಸುತ್ತಿ ಆ ಸೀಳಿನಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿದರೆ ಟಕ್ ಎಂದು ಬಿಡಿಸಿಕೊಳ್ಳುತ್ತದೆ. ಬಟ್ಟೆ ಸುತ್ತದಿದ್ದರೆ ಅಂಚಿನಲ್ಲಿ ಕಚ್ಚುಗಾಯ ಬೀಳುವುದಷ್ಟೇ ಅಲ್ಲ, ಆ ಕಚ್ಚಿನ ಮೂಲಕ ಮುಂದೆ ತೇವವೂ ಒಳನುಗ್ಗುತ್ತದೆ. ಕೀ ತೆರೆದುಕೊಂಡಾಗ ಹಳೆಯ ಸೆಲ್ಲಿನ ಯಾವ ಮುಖ ಮೇಲಿದೆ ಎಂದು ನೋಡಿ, ಕೈ ಹಾಕುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಉತ್ತಮ. ಕಾರಿನಿಂದ ಕಾರಿಗೆ ಈ ದಿಕ್ಕು ಬದಲಾಗುತ್ತದೆ. ಹಸಿರು ಬೋರ್ಡ್ ಮತ್ತು ಗುಂಡಿಗಳ ರಬ್ಬರ್ ಹಾಸು ಕೂಡ ಕೆಲವು ಕೀಗಳಲ್ಲಿ ಸೆಲ್ಲಿನ ಜೊತೆ ಎದ್ದು ಬರುತ್ತವೆ.

ಹಳೆಯ ಸೆಲ್ಲನ್ನು ಎತ್ತುವಾಗ ಬೋರ್ಡನ್ನು ಮೀಟಬಾರದು, ಸೆಲ್ಲನ್ನು ಹಿಡಿದಿರುವ ತೆಳುವಾದ ತಗಡಿನ ನಾಲಗೆಗಳನ್ನು ಬಗ್ಗಿಸಬಾರದು. ಆ ನಾಲಗೆ ಒಮ್ಮೆ ಸಡಿಲವಾದರೆ ಎಂಥ ಹೊಸ ಸೆಲ್ ಹಾಕಿದರೂ ಕೀ ಕೈಕೊಡುತ್ತಲೇ ಇರುತ್ತದೆ. ಸೆಲ್ ಬಿಗಿಯಾಗಿದ್ದರೆ ಹಲ್ಲುಕಡ್ಡಿಯಂಥ ಲೋಹವಲ್ಲದ ತುದಿಯಿಂದ ಒಂದು ಬದಿಯಲ್ಲಿ ಎತ್ತಬಹುದು. ಹೊಸದನ್ನು ಅಂಚಿನಲ್ಲಿ ಹಿಡಿದು ಇಡಬೇಕು. ಎರಡೂ ಮುಖಗಳ ಮೇಲೆ ಬೆರಳಿನ ಎಣ್ಣೆ ಉಳಿದರೆ ಕಾಲಕ್ರಮದಲ್ಲಿ ಸಂಪರ್ಕ ಮಂಕಾಗುತ್ತದೆ. ಅಂಚಿನ ರಬ್ಬರ್ ಸುತ್ತು ತನ್ನ ಕಾಲುವೆಯಲ್ಲಿಯೇ ಕೂತಿದೆಯೇ ಎಂದು ನೋಡಿ, ಎರಡು ಹೋಳುಗಳನ್ನೂ ಸುತ್ತಲೂ ಒತ್ತಿ ಮುಚ್ಚಿದರೆ ಕೆಲಸ ಮುಗಿಯಿತು. ಕಾಲು ಗಂಟೆಯೂ ಬೇಕಾಗುವುದಿಲ್ಲ. ಜಡಿಮಳೆಯ ದಿನ ಒದ್ದೆ ಕೈಯಲ್ಲಿ, ಕಾರಿನ ಸೀಟಿನ ಮೇಲೆ ಕೂತು ಈ ಕೆಲಸಕ್ಕೆ ಇಳಿಯಬೇಡಿ ಎಂಬುದಷ್ಟೇ ನಮ್ಮ ಕಡೆಯವರಿಗೆ ನಾನು ಹೇಳುವ ಹೆಚ್ಚಿನ ಮಾತು.

ಸೆಲ್ ತೆಗೆದರೆ ಕೀ ಕಾರನ್ನು ಮರೆತುಬಿಡುತ್ತದೆ, ಮತ್ತೆ ಕೋಡಿಂಗ್ ಮಾಡಿಸಬೇಕಾಗುತ್ತದೆ ಎಂಬ ಹೆದರಿಕೆ ಬಹಳ ಜನರಲ್ಲಿದೆ. ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಒಂದು ಸರ್ವೀಸ್ ಸೆಂಟರಿನಲ್ಲಿ ಸೆಲ್ ಹಾಕಿಸಿದಾಗ ಬಿಲ್ಲಿನಲ್ಲಿ ಸೆಲ್ಲಿನ ಬೆಲೆಯ ಕೆಳಗೆ ಕೀ ಪ್ರೋಗ್ರಾಮಿಂಗ್ ಎಂದು ಸೆಲ್ಲಿಗಿಂತ ಹಲವು ಪಟ್ಟು ಹಣ ಸೇರಿಸಿದ್ದನ್ನು ನಾನೇ ಓದಿದ್ದೇನೆ. ಇದರಿಂದ ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಅವರು ಅದು ಅಗತ್ಯವೆಂದೇ ನಂಬಿದ್ದರು. ಕೀಯ ಗುರುತು ಮತ್ತು ಗುಪ್ತ ಸಂಕೇತಗಳು ವಿದ್ಯುತ್ ಇಲ್ಲದಿದ್ದರೂ ಅಳಿಯದ ಸ್ಮೃತಿಯಲ್ಲಿ ಉಳಿದಿರುತ್ತವೆ. ಆದ್ದರಿಂದ ಬರೀ ಸೆಲ್ ಬದಲಿಸಿದ್ದಕ್ಕೆ ಸಾಮಾನ್ಯವಾಗಿ ಯಾವ ಕೋಡಿಂಗೂ ಬೇಕಾಗುವುದಿಲ್ಲ. ಹೊಸ ಕೀಯನ್ನೇ ಮಾಡಿಸಿದಾಗ, ಒಳಗಿನ ಬೋರ್ಡ್ ಬದಲಿಸಿದಾಗ ಮಾತ್ರ ಅದರ ಅಗತ್ಯ ಬೀಳುತ್ತದೆ. ಸರ್ವೀಸ್ ಸೆಂಟರಿನಲ್ಲಿಯೇ ಹಾಕಿಸುವುದರಲ್ಲಿ ತಪ್ಪೇನೂ ಇಲ್ಲ. ಕಣ್ಣು ಮಂಜಾದ ಹಿರಿಯರಿಗೆ, ಕೈ ನಡುಗುವವರಿಗೆ ಅದೇ ಅನುಕೂಲ. ಕೆಲಸ ಕೊಡುವ ಮೊದಲು “ಕೋಡಿಂಗ್ ಇಲ್ಲದೆ ಬರೀ ಸೆಲ್ ಹಾಕಿ ಕೊಡಿ, ಹಳೇ ಸೆಲ್ಲನ್ನೂ ನನಗೇ ಕೊಡಿ” ಎಂದು ಸ್ಪಷ್ಟವಾಗಿ ಹೇಳಿದರೆ ಹೆಚ್ಚಿನ ಕಡೆ ಮಾತು ಅಲ್ಲಿಗೇ ಮುಗಿಯುತ್ತದೆ.

ದಾರಿಯಲ್ಲಿ ಸೆಲ್ ಪೂರ್ತಿ ಸತ್ತರೂ ಕಾರು ನಿಂತುಹೋಗುವುದಿಲ್ಲ ಎಂಬುದು ಪ್ರತಿಯೊಬ್ಬ ಚಾಲಕರಿಗೂ, ಮುಖ್ಯವಾಗಿ ರಾತ್ರಿ ಹೊತ್ತು ಒಂಟಿಯಾಗಿ ಓಡಾಡುವವರಿಗೆ, ಗೊತ್ತಿರಬೇಕು. ಕೀಯೊಳಗಿನ ಲೋಹದ ಕೀಯಿಂದ ಚಾಲಕರ ಬದಿಯ ಬಾಗಿಲು ತೆರೆಯುತ್ತದೆ. ಕೆಲವು ಕಾರುಗಳಲ್ಲಿ ಆಗ ಅಲಾರಂ ಕೂಗಬಹುದು, ಗಾಬರಿಯಾಗಬೇಕಿಲ್ಲ. ಸರಿಯಾದ ಕೀ ಇಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆಗೆ ಇಮೊಬಿಲೈಸರ್ ಎನ್ನುತ್ತಾರೆ; ಅದಕ್ಕಾಗಿ ಕೀಯಲ್ಲಿರುವ ಚಿಪ್‌ಗೆ ಸೆಲ್ಲಿನ ಹಂಗಿಲ್ಲ. ಕಾರಿನ ಸುರುಳಿಯಿಂದ ಹೊಮ್ಮುವ ಕಾಂತಕ್ಷೇತ್ರದಿಂದಲೇ ತನಗೆ ಬೇಕಾದ ಶಕ್ತಿಯನ್ನು ಪಡೆದು ಅದು ಉತ್ತರ ಕೊಡುತ್ತದೆ. ಹಾಗಾಗಿ ಬ್ರೇಕನ್ನು ತುಳಿದು ಹಿಡಿದು, ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ; ಕ್ಲಚ್ ಇರುವ ಕಾರಾದರೆ ಅದನ್ನೂ ತುಳಿಯಬೇಕು. ಹ್ಯುಂಡೈ ಕಾರುಗಳಲ್ಲಿ ಕೀಯಿಂದಲೇ ಬಟನ್ನನ್ನು ಒತ್ತುವಂತೆಯೂ, ಟೊಯೊಟಾದಲ್ಲಿ ಕಂಪನಿಯ ಚಿಹ್ನೆಯಿರುವ ಬದಿಯನ್ನು ಬಟನ್ನಿಗೆ ತಾಗಿಸುವಂತೆಯೂ ಕೈಪಿಡಿಗಳು ಹೇಳುತ್ತವೆ. ನಿಮ್ಮ ಕಾರಿನಲ್ಲಿ ಹೇಗೆ ಎಂಬುದನ್ನು ಮನೆಯ ಅಂಗಳದಲ್ಲಿಯೇ ಸೆಲ್ ತೆಗೆದಿಟ್ಟು ಒಮ್ಮೆ ಮಾಡಿ ನೋಡಿಕೊಂಡರೆ ಆಗುಂಬೆ ಘಾಟಿಯ ತಿರುವಿನಲ್ಲಿ ಕೈಪಿಡಿ ಹುಡುಕುವ ಪ್ರಮೇಯ ಬರುವುದಿಲ್ಲ. ಸ್ಟಾರ್ಟ್ ಬಟನ್ ಒತ್ತಿದಾಗ ಡ್ಯಾಶ್‌ಬೋರ್ಡಿನ ದೀಪಗಳೂ ಉರಿಯದೆ ಕತ್ತಲಾಗಿದ್ದರೆ ದೋಷ ಸಾಮಾನ್ಯವಾಗಿ ಕೀಯದಲ್ಲ, ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಬ್ಯಾಟರಿಯದು. ಆಗ ಸೆಲ್ ಬದಲಿಸಿ ಪ್ರಯೋಜನವಿಲ್ಲ.

ಸ್ಮಾರ್ಟ್ ಕೀಯ ಸೆಲ್ ಸಾಮಾನ್ಯ ಬಳಕೆಯಲ್ಲಿ ಒಂದರಿಂದ ಎರಡು ವರ್ಷ ಬರುತ್ತದೆ. ಇದಕ್ಕಿಂತ ಬೇಗ ಸೋಲುತ್ತಿದ್ದರೆ ಕೀ ಇಡುವ ಜಾಗವನ್ನು ಗಮನಿಸಬೇಕು. ಕಾರು ನಿಲ್ಲಿಸುವ ಜಾಗಕ್ಕೆ ತಾಗಿದ ಗೋಡೆಯ ಮೊಳೆಗೆ ಕೀ ತೂಗುಹಾಕಿದರೆ ಕಾರಿನ ಕರೆ ಅದಕ್ಕೆ ಆಗಾಗ ಕೇಳಿಸಿ, ಕೀ ಮತ್ತೆ ಮತ್ತೆ ಎಚ್ಚರಗೊಳ್ಳುತ್ತದೆ. ಟಿವಿ, ಕಂಪ್ಯೂಟರ್, ಮೊಬೈಲ್ ಚಾರ್ಜರ್‌ಗಳ ಪಕ್ಕ ಇಟ್ಟರೂ ಸೆಲ್ ಬೇಗ ಇಳಿಯಬಹುದೆಂದು ಕಾರು ಕಂಪನಿಗಳ ಕೈಪಿಡಿಗಳಲ್ಲಿಯೇ ಎಚ್ಚರಿಕೆ ಇದೆ. ಬೀರುವಿನಲ್ಲಿಟ್ಟ ಎರಡನೆಯ ಕೀಯನ್ನು ಯಾರೂ ಮುಟ್ಟುವುದಿಲ್ಲ, ಆದ್ದರಿಂದ ಅದರ ಸೆಲ್ ಹಾಗೆಯೇ ಇರುತ್ತದೆ ಎಂಬ ನಂಬಿಕೆಯೂ ತಪ್ಪು. ಕಿವಿಗೊಟ್ಟು ಕೂರುವ ಕೆಲಸ ಅಲ್ಲಿಯೂ ನಿಲ್ಲುವುದಿಲ್ಲ. ಮೊದಲ ಕೀಗೆ ಹೊಸ ಸೆಲ್ ಹಾಕಿದ ದಿನವೇ ಎರಡನೆಯದಕ್ಕೂ ಹಾಕುವುದು ಸರಿ. ಐದರ ಪಟ್ಟಿ ಕೊಂಡದ್ದಕ್ಕೆ ಹಾಗೆ ಅರ್ಥ ಬರುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರು ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೀ ಬಿಟ್ಟು ಹೋಗಬಾರದು. ಮುಚ್ಚಿದ ಕಾರಿನಲ್ಲಿ ಆ ಜಾಗ ಸೆಲ್ಲಿನ 60 ಡಿಗ್ರಿಯ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಪುಟ್ಟ ಮಕ್ಕಳಿರುವ ಮನೆಯವರು ಈ ಸೆಲ್ಲನ್ನು ಔಷಧಿಗಿಂತ ಹೆಚ್ಚು ಜೋಪಾನ ಮಾಡಬೇಕು. 20 ಮಿಲಿಮೀಟರಿನ ಲಿಥಿಯಂ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಋಣ ಮುಖದ ಬಳಿ ಪ್ರಬಲವಾದ ಕ್ಷಾರ ಹುಟ್ಟಿ, ಎರಡು ಗಂಟೆಯೊಳಗೆ ಗಂಭೀರವಾದ ಸುಟ್ಟಗಾಯ ಮಾಡಬಲ್ಲದು. ಕೀಯಲ್ಲಿ ಕೆಲಸ ಮಾಡದ ಹಳೆಯ ಸೆಲ್ಲಿನಲ್ಲೂ ಈ ಅನಾಹುತಕ್ಕೆ ಸಾಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಕಾದು ನೋಡೋಣ ಎನ್ನದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಓಡಬೇಕು. ಹಿರಿಯರು ಕೀಯನ್ನು ಮಗುವಿನ ಕೈಗೆ ಆಟಕ್ಕೆ ಕೊಡುವ ರೂಢಿ ನಮ್ಮ ಮನೆಗಳಲ್ಲಿದೆ. ನೆಲಕ್ಕೆ ಬಿದ್ದು ಸಡಿಲವಾದ ಕೀ ತೆರೆದುಕೊಳ್ಳಲು ಹೆಚ್ಚು ಹೊತ್ತು ಬೇಡ. ಆ ರೂಢಿ ನಿಲ್ಲಬೇಕು.

ತೆಗೆದ ಸೆಲ್ಲನ್ನು ಕಸದ ಬುಟ್ಟಿಗೆ ಎಸೆಯಬಾರದು. ಎರಡೂ ಮುಖ ಮುಚ್ಚುವಂತೆ ಸೆಲೊಟೇಪ್ ಸುತ್ತಿ, ಮಕ್ಕಳಿಗೆ ಎಟುಕದ ಕಡೆ ಇಟ್ಟು, ಹಳೆಯ ಬ್ಯಾಟರಿ ಮತ್ತು ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತವೆ. ಗಡಿಯಾರದ ಅಂಗಡಿಯ ಹಿರಿಯರು ಗಿರಾಕಿಗಳ ಹಳೆಯ ಸೆಲ್ಲುಗಳನ್ನು ಟೇಪ್ ಸುತ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೇರಿಸಿಡುತ್ತಾರೆ, ನಾನು ನನ್ನದನ್ನೂ ಅಲ್ಲಿಯೇ ಕೊಟ್ಟೆ.

ಈ ಸೆಲ್ಲಿನ ವಿಷಯದಲ್ಲಿ ನನಗಿರುವ ಆಕ್ಷೇಪಗಳು ಎರಡೇ, ಅವೂ ಮಾರುಕಟ್ಟೆಯಲ್ಲಿ ನಾನು ನೋಡಿದ ಇಂಥ ಬೇರೆ ಸೆಲ್ಲುಗಳಿಗೂ ಅನ್ವಯಿಸುವಂಥವು. ಬಾಳಿಕೆಯ ಅವಧಿಯನ್ನು ಪ್ಯಾಕಿನ ಬೆನ್ನ ಮೇಲೆ ಬೆಳ್ಳಿ ಬಣ್ಣದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕುವುದರಿಂದ ಕನ್ನಡಕ ಹಾಕುವವರಿಗೆ ಓದುವುದು ಕಷ್ಟ. ಮಕ್ಕಳ ಸುರಕ್ಷತೆಯ ಎಚ್ಚರಿಕೆಯನ್ನು ಕನ್ನಡದಲ್ಲಿ ನಾನು ಎಲ್ಲಿಯೂ ಕಂಡಿಲ್ಲ. ಕೊಳ್ಳುವಾಗ ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ಓದಿ, ಅವಧಿ ಮುಗಿಯಲು ಇನ್ನೂ ಹಲವು ವರ್ಷ ಇರುವ ಪ್ಯಾಕನ್ನೇ ಕೇಳಿ ತೆಗೆದುಕೊಳ್ಳಿ. ಸೆಲ್ ಹಾಕಿದ ತಿಂಗಳು ಮತ್ತು ವರ್ಷವನ್ನು ಸಣ್ಣ ಚೀಟಿಯಲ್ಲಿ ಬರೆದು ಕೀಯ ಮುಚ್ಚಳದ ಒಳಬದಿಗೆ, ಸಂಪರ್ಕದ ತಗಡುಗಳಿಂದ ದೂರದಲ್ಲಿ ಅಂಟಿಸಿಟ್ಟರೆ, ಮುಂದೆ ತೆರೆಯುವವರು ನೀವಾಗಿರಲಿ ಮೆಕ್ಯಾನಿಕ್ ಆಗಿರಲಿ, ಈ ಸೆಲ್ ಎಷ್ಟು ಕಾಲ ಬಂತೆಂದು ಲೆಕ್ಕ ಸಿಗುತ್ತದೆ.